ಸಾರಿನಲ್ಲಿ ಬೆರೆಸುವ ಮಾತ್ರೆ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಿರಿ ಎಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ದಾವಣಗೆರೆಯಲ್ಲಿ ಸ್ವಂತ ಕ್ಲಿನಿಕ್ ಇರುವ ವೈದ್ಯರು. ವಯಸ್ಸು ಐವತ್ತರ ಹತ್ತಿರ. ಮೊದಲು ರಾತ್ರಿ ಮಾತ್ರ ಕುಡಿಯುತ್ತಿದ್ದರು. ಆಮೇಲೆ ಬೆಳಗ್ಗೆ ಕೈ ನಡುಕ ನಿಲ್ಲಿಸೋಕೂ ಬೇಕಾಯಿತು. ತಮ್ಮ ಔಷಧಿ ಚೀಟಿ ತಾವೇ ಬರೆದುಕೊಂಡು ನಾಲ್ಕು ಸಲ ಬಿಡಲು ನೋಡಿ ಸೋತರು. ಐದನೇ ಸಲ ಬೇರೆ ಊರಿನಲ್ಲಿ ಅಡ್ಮಿಟ್ ಆಗಿ, ಬೇರೆ ವೈದ್ಯರು ಕೊಟ್ಟ ಔಷಧಿ ತಗೊಂಡು ಬಿಟ್ಟರು. ನನ್ನ ಬಳಿ ಬಂದಾಗ ಬಿಟ್ಟು ಏಳು ತಿಂಗಳಾಗಿತ್ತು.

ಬಂದದ್ದು ವ್ಯಸನಮುಕ್ತಿ ಕೇಂದ್ರ ಶುರು ಮಾಡುವ ಮಾತಾಡಲು. ಜಾಗವನ್ನೂ ನೋಡಿಟ್ಟಿದ್ದರು. ಕುಡಿತ ಬಿಟ್ಟ ಹೊಸತರಲ್ಲಿ ತುಂಬ ಜನ ಹೀಗೆ ಇನ್ನೊಬ್ಬರನ್ನು ಬಿಡಿಸಲು ಹೊರಡುತ್ತಾರೆ. ಆ ಆಸೆ ಒಳ್ಳೆಯದು. ಅದಕ್ಕೇ ಬೇಡ ಅನ್ನೋದು ಕಷ್ಟ.

"ಎ.ಎ. ಕಟ್ಟಿದವರಲ್ಲಿ ಒಬ್ಬರು ಡಾಕ್ಟರೇ ಅಲ್ವಾ ಮೇಡಂ?" ಎಂದರು. ನಿಜ. ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಕೂಟ. ಆ ಡಾಕ್ಟರು ಅಮೆರಿಕದ ಆಕ್ರನ್ ಊರಿನ ಸರ್ಜನ್ ಬಾಬ್ ಸ್ಮಿತ್. ಆದರೆ 1935ರಲ್ಲಿ ಅವರ ಕೈ ಹಿಡಿದದ್ದು ಡಾಕ್ಟರಲ್ಲ, ಬಿಲ್ ವಿಲ್ಸನ್ ಎಂಬ ಇನ್ನೊಬ್ಬ ಕುಡುಕ. ಒಮ್ಮೆ ಬಿಟ್ಟ ಮೇಲೂ ಸ್ಮಿತ್ ವೈದ್ಯರ ಸಮ್ಮೇಳನಕ್ಕೆ ಹೋಗಿ ಮತ್ತೆ ಕುಡಿದರು. ಆ ವರ್ಷದ ಜೂನ್ 10ರ ನಂತರವೇ ಪೂರ್ತಿ ನಿಂತದ್ದು. ಇದನ್ನು ಹೇಳಿದೆ. ಅವರು ಒಪ್ಪಲಿಲ್ಲ.

ಮೂರನೇ ಭೇಟಿಯಲ್ಲಿ ಒಂದು ಪ್ರಶ್ನೆ ಕೇಳಿದೆ. "ನಾಳೆ ಒಬ್ಬ ಹೆಂಗಸು ಬಂದು, ಗಂಡನಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸೋ ಮಾತ್ರೆ ಕೊಡಿ ಅಂತಾಳೆ. ಏನು ಮಾಡ್ತೀರಿ?"

"ಕೊಡ್ತೀನಿ. ಪುಡಿ ಮಾಡಿ ಸಾರಲ್ಲಿ ಹಾಕಮ್ಮ ಅಂತೀನಿ. ಎಷ್ಟೋ ಜನಕ್ಕೆ ಕೊಟ್ಟಿದ್ದೀನಿ."

ಥಟ್ಟನೆ ಹೇಳಿದರು. ಆಮೇಲೆ ಸುಮ್ಮನಾದರು. ಜೇಬಿನ ಪೆನ್ನು ತೆಗೆದು ಮುಚ್ಚಳ ತೆಗೆಯುತ್ತ, ಹಾಕುತ್ತ ಕೂತರು. ತುಂಬ ಹೊತ್ತಾದ ಮೇಲೆ ಬಾಯಿ ಬಿಟ್ಟರು.

"ಕುಡೀತಿದ್ದಾಗ ನಾನು ಮನೆ ಸಾರು ಮುಟ್ಟುತ್ತಿರಲಿಲ್ಲ. ಇವಳೂ ಹಾಕಿರ್ತಾಳೆ ಅಂತ ಅನುಮಾನ. ಮೊಸರು ನಾನೇ ತಂದು, ಅನ್ನ ನಾನೇ ಕಲೆಸಿಕೊಂಡು ತಿಂತಿದ್ದೆ. ಎರಡು ವರ್ಷ."

ಆ ಮಾತ್ರೆ ಡೈಸಲ್ಫಿರಾಮ್. ಕುಡಿಯುವ ಆಸೆಯನ್ನು ಅದು ತೆಗೆಯುವುದಿಲ್ಲ. ಮದ್ಯ ದೇಹದಲ್ಲಿ ಕರಗಿ ಹೋಗುವುದನ್ನು ಅರ್ಧದಲ್ಲೇ ತಡೆಯುತ್ತದೆ. ಅದರ ಮೇಲೆ ಕುಡಿದರೆ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಜೀವವೇ ಹೋಗಬಹುದು. ಮಾತ್ರೆ ನಿಲ್ಲಿಸಿದರೂ ಎರಡು ವಾರದವರೆಗೆ ಅಪಾಯ ಉಳಿಯಬಹುದು. ತಿಳಿದು, ಒಪ್ಪಿ, ವೈದ್ಯರ ಕಣ್ಗಾವಲಲ್ಲಿ ತಗೊಳ್ಳುವವರಿಗೆ ಅದು ಒಳ್ಳೆಯ ಔಷಧಿ. ಕದ್ದು ಕೊಡುವುದು ಮಾತ್ರ ಬೇಡ. ಓದುತ್ತಿರುವ ಅಕ್ಕತಂಗಿಯರಿಗೆ ಕೈಮುಗಿದು ಕೇಳುತ್ತೇನೆ. ಗಂಡ ಬರಲ್ಲ ಅಂದರೆ ನೀವೊಬ್ಬರೇ ಬನ್ನಿ. ಇಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಆ ದಿನ ನಾನು ಹೇಳಿದ್ದು ಇಷ್ಟು. ಕೇಂದ್ರ ಈಗ ಬೇಡ. ಒಂದು ವರ್ಷ ತುಂಬಲಿ. ಆಮೇಲೂ ಒಬ್ಬರೇ ಕೂರಬೇಡಿ, ಅನುಭವ ಇರುವ ಮನೋವೈದ್ಯರ ಪಕ್ಕ ಕೂತು ಕಲಿಯಿರಿ. ನಿಮ್ಮ ಚೀಟಿ ನೀವು ಬರೆಯಬೇಡಿ. ಎ.ಎ. ಮೀಟಿಂಗ್‌ನಲ್ಲಿ 'ಡಾಕ್ಟರ್' ಅಂತ ಪರಿಚಯ ಮಾಡಿಕೊಳ್ಳಬೇಡಿ.

ಉತ್ಸಾಹಕ್ಕೆ ತಣ್ಣೀರು ಎರಚಿದಿರಿ ಎಂದು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಬೇಸರ ಮಾಡಿಕೊಂಡರು. ಈಗಲೂ ನನ್ನ ಮಾತು ಸರಿ ಅಂತಲೇ ನಂಬಿದ್ದೇನೆ. ತಾನು ಹೆದರಿ ಊಟ ಬಿಟ್ಟಿದ್ದನ್ನೇ ಇನ್ನೊಬ್ಬರ ತಟ್ಟೆಗೆ ಹಾಕಲು ಹೇಳುತ್ತಿದ್ದರು ಅವರು. ಕೆಟ್ಟವರಾಗಿ ಅಲ್ಲ, ಚೀಟಿ ಬರೆದು ಬರೆದು ಕೈ ಪಳಗಿ ಹೋಗಿತ್ತು. ಮೇಲಾಗಿ, ಬಿಟ್ಟವರಲ್ಲಿ ತುಂಬ ಜನ ಮತ್ತೆ ಕುಡಿಯುತ್ತಾರೆ. ಒಬ್ಬೊಬ್ಬ ರೋಗಿ ಜಾರಿದಾಗಲೂ ಅದನ್ನು ತನ್ನ ಸೋಲು ಅಂದುಕೊಂಡರೆ, ಏಳು ತಿಂಗಳ ಮನುಷ್ಯನಿಗೆ ಬಾಟಲಿ ದೂರ ಇರುವುದಿಲ್ಲ.

ಈಗ ಎರಡು ವರ್ಷ ದಾಟಿದೆ. ಮನೋವೈದ್ಯರೊಬ್ಬರ ಜೊತೆ ವಾರಕ್ಕೆ ಎರಡು ದಿನ ಕೂರುತ್ತಾರೆ. ಹೋದ ತಿಂಗಳು ಫೋನ್ ಮಾಡಿದ್ದರು. ಚನ್ನಗಿರಿ ಕಡೆಯ ಹೆಂಗಸೊಬ್ಬರು ಅದೇ ಮಾತ್ರೆ ಕೇಳಿ ಬಂದಿದ್ದರಂತೆ. ಕೊಡಲಿಲ್ಲ. "ಸಾರು ಸಾರಾಗಿಯೇ ಇರಲಮ್ಮ, ಅವರು ಮನೇಲಿ ಉಣ್ಣಲಿ" ಎಂದರಂತೆ. ಆಕೆ ಸಿಟ್ಟಾಗಿ ಎದ್ದು ಹೋದರು. ಇನ್ನೂ ಬಂದಿಲ್ಲ. ಆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ ಕಳಿಸಿದ್ದೇವೆ.