ಇಂಗ್ಲಿಷ್ ಬಿಟರ್ ಅನ್ನೋ ಬಿಯರ್ ತಣ್ಣಗೂ ಇರಲಿಲ್ಲ, ಗ್ಯಾಸೂ ಇರಲಿಲ್ಲ. ಕೆಟ್ಟುಹೋಗಿತ್ತಾ?

ಕೆಟ್ಟಿರಲಿಕ್ಕಿಲ್ಲ. ಬೆಂಗಳೂರಿನ ಕ್ರಾಫ್ಟ್ ಬ್ರೂವರಿಯಲ್ಲಿ ಬಿಟರ್ ತರಿಸಿದೆ, ಸರಿಯಾಗಿ ತಣ್ಣಗಿರಲಿಲ್ಲ, ಗ್ಯಾಸ್ ಕಮ್ಮಿ, ಹೆಸರಿಗೆ ತಕ್ಕ ಕಹಿಯೂ ಇಲ್ಲ ಅಂತ ಬರೆದಿದ್ದೀರಿ. ಮೂರೂ ಆ ಬಿಯರಿನ ಗುಣಗಳೇ.

ನಾನು ಕೋಲಾರದವನು. ನಮ್ಮ ಕಡೆ ಬಿಯರ್ ಅಂದರೆ ಬಾಟಲಿ ಬೆವರುತ್ತಿರಬೇಕು, ಮೊದಲ ಗುಟುಕಿಗೇ ಗಂಟಲು ಚುರ್ ಅನ್ನಬೇಕು. ಗೆಳೆಯರೆಲ್ಲ ಸೇರಿ ವೈಟ್‌ಫೀಲ್ಡ್ ಕಡೆ ಒಂದು ಬ್ರೂವರಿಗೆ ಹೋದಾಗ ನಮ್ಮವನೊಬ್ಬ ಬಿಟರ್ ಬಾಯಿಗಿಟ್ಟವನೇ, "ಅಣ್ಣಾ, ಇದಕ್ಕೆ ಸ್ವಲ್ಪ ಐಸ್ ತನ್ನಿ" ಅಂದ. ಸಪ್ಲೈಯರ್ ನಗು ತಡ್ಕೊಂಡು ನನ್ನ ಮುಖ ನೋಡಿದ.

ಇಂಗ್ಲೆಂಡಿನಲ್ಲಿ ಬಿಟರನ್ನು ನೆಲಮಾಳಿಗೆಯಲ್ಲಿ ಪೀಪಾಯಿಗಳಲ್ಲಿ ಇಡುತ್ತಾರೆ. ಕೊಡುವುದು ಹೆಚ್ಚುಕಮ್ಮಿ 11ರಿಂದ 13 ಡಿಗ್ರಿಯಲ್ಲಿ. ಪೀಪಾಯಿಯೊಳಗೆ ಈಸ್ಟ್ ಇನ್ನೂ ಜೀವಂತ ಇರುತ್ತದೆ, ಅದು ಬಿಟ್ಟಷ್ಟೇ ಗ್ಯಾಸ್. ಕೈಪಂಪಿನಿಂದ ಎಳೆದು ಗ್ಲಾಸಿಗೆ ಬಿಡುತ್ತಾರೆ. ಒಮ್ಮೆ ತೆರೆದ ಪೀಪಾಯಿ ಮೂರ್ನಾಲ್ಕು ದಿನದಲ್ಲಿ ಖಾಲಿಯಾಗಬೇಕು, ಇಲ್ಲಾಂದ್ರೆ ರುಚಿ ಹೋಯಿತು. ಕೆಜಿಎಫ್‌ನಲ್ಲಿ 1880ರ ದಶಕದಿಂದ ಇಂಗ್ಲಿಷ್ ದೊರೆಗಳು ಅಷ್ಟು ಕಾಲ ಇದ್ದರು. ಕ್ಲಬ್ಬು, ಬಂಗಲೆ ಎಲ್ಲ ಬಿಟ್ಟುಹೋದರು, ಈ ಬಿಯರ್ ಮಾತ್ರ ನಮ್ಮ ಬಾಯಿಗೆ ಹತ್ತಲಿಲ್ಲ. ನಮ್ಮ ಬಿಸಿಲಿಗೆ ಇಂಥಾ ಪೀಪಾಯಿ ಎಲ್ಲಿ ತಡೆಯುತ್ತೆ ಹೇಳಿ.

ಕಹಿ ವಿಷಯಕ್ಕೆ ಬರೋಣ. ಅಲ್ಲಿನ ಹಳೇ ಸಿಹಿ ಬಿಯರುಗಳ ಪಕ್ಕದಲ್ಲಿ ಇದು ಕಹಿ ಅನ್ನಿಸಿತ್ತು, ಅದಕ್ಕೇ ಆ ಹೆಸರು. ಲೆಕ್ಕದಲ್ಲಿ ಹೇಳುವುದಾದರೆ ಸಾದಾ ಬಿಟರಿನ ಕಹಿ 25ರಿಂದ 35 ಐಬಿಯು (ಬಿಯರಿನ ಕಹಿ ಅಳೆಯುವ ಮಾನ), ಅಮೆರಿಕನ್ ಐಪಿಎ ಅನ್ನೋ ಕಹಿ ಜಾಸ್ತಿ ಇರುವ ಬಿಯರಿನದು 40ರಿಂದ 70. ಬೆಲ್ಲ ಹಾಕಿದ ಹಾಗಲಕಾಯಿ ಗೊಜ್ಜು ತಿಂದಿದ್ದೀರಲ್ಲ? ಅದೇ ಲೆಕ್ಕ. ಮೊದಲು ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿ ಬರುತ್ತದೆ, ಬಿಸ್ಕತ್ತು, ಟಾಫಿ ಥರ. ಆಮೇಲೆ ನಾಲಿಗೆಯ ಹಿಂದೆ ಕಹಿ ನಿಧಾನಕ್ಕೆ ಏರುತ್ತದೆ. ಗೋಲ್ಡಿಂಗ್ಸ್, ಫಗಲ್ ಅಂತ ಇಂಗ್ಲೆಂಡಿನ ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಹಾಕಿದ್ದರೆ ವಾಸನೆ ಮಣ್ಣು, ಗಿಡಮೂಲಿಕೆ ಕಡೆಗಿರುತ್ತದೆ. ಐಪಿಎ ಥರ ಮಾವು, ಕಿತ್ತಳೆ ಹುಡುಕಬೇಡಿ.

ಆವತ್ತು ನನ್ನ ಗ್ಲಾಸಿನಲ್ಲಿದ್ದದ್ದು ತಾಮ್ರದ ಬಣ್ಣ, ಮೇಲೆ ಬೆರಳಗಲ ಕೂಡ ಇಲ್ಲದ ನೊರೆ. ಬಂದಾಗ ಸ್ವಲ್ಪ ಜಾಸ್ತಿನೇ ತಣ್ಣಗಿತ್ತು, ಸಪ್ಪೆ ಅನ್ನಿಸಿತು. ಸುಮ್ನೆ ಪಕ್ಕಕ್ಕಿಟ್ಟು ಹರಟೆ ಹೊಡೆದೆ. ಚಳಿ ಇಳಿದಂತೆ ಮೊದಲು ಟೋಸ್ಟ್ ವಾಸನೆ, ಆಮೇಲೆ ಸೇಬಿನಂಥ ಸಣ್ಣ ಹಣ್ಣಿನ ಘಮ ಬಂತು. ಕುಡಿದಷ್ಟೂ ನೊರೆ ಗ್ಲಾಸಿನ ಒಳಗೆ ಸುತ್ತು ಸುತ್ತಾಗಿ ಅಂಟಿಕೊಂಡಿತು. ಐಸ್ ಕೇಳಿದವನು ಅಷ್ಟರಲ್ಲಿ ತನ್ನದನ್ನು ಮುಗಿಸಿ ಲಾಗರ್, ಅಂದರೆ ತಣ್ಣಗೆ ಕುಡಿಯುವ ನಮ್ಮ ಮಾಮೂಲಿ ಬಿಯರ್ ತರಿಸಿದ್ದ. ಅವನದು ತಪ್ಪಂತೇನೂ ಅಲ್ಲ, ಮೇ ತಿಂಗಳ ಮಧ್ಯಾಹ್ನಕ್ಕೆ ನಾನೂ ಲಾಗರನ್ನೇ ಕೇಳುತ್ತೇನೆ.

ನಿಜಕ್ಕೂ ಕೆಟ್ಟಿದ್ದರೆ ಮೂಗಿಗೇ ಗೊತ್ತಾಗುತ್ತದೆ. ವಿನಿಗರ್ ಥರ ಹುಳಿ ಹೊಡೆದರೆ, ಒದ್ದೆ ರಟ್ಟಿನ ವಾಸನೆ ಬಂದರೆ ವಾಪಸ್ ಕೊಡಿ, ಸಂಕೋಚ ಬೇಡ. ಬೆಣ್ಣೆಯ ವಾಸನೆ ಚೂರೇ ಚೂರು ಇದ್ದರೆ ಈ ಜಾತಿಯ ಬಿಯರಿನಲ್ಲಿ ನಡೆಯುತ್ತದೆ, ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ಥರ ಮೂಗಿಗೆ ಹೊಡೆದರೆ ಅದು ತಯಾರಿಯ ದೋಷ.

ಅಮಲಿನ ಲೆಕ್ಕದಲ್ಲಿ ಇದು ಸಾಧು. ಸಾದಾ ಬಿಟರಿನಲ್ಲಿ ಆಲ್ಕೋಹಾಲ್ ಶೇ. 4ರ ಒಳಗೇ ಇರುತ್ತದೆ, ಇಎಸ್‌ಬಿ ಅನ್ನೋ ಗಟ್ಟಿ ಬಗೆಗೆ 5, 6. ಸ್ಟ್ರಾಂಗ್ ಕುಡಿದು ರೂಢಿ ಇದ್ದವರಿಗೆ ಏನೂ ಏರಲ್ಲ ಅನ್ನಿಸಬಹುದು. ಹಾಗಂತ ಗಾಡಿ ತಗೊಂಡು ಹೋಗಬೇಡಿ, ನಾವು ಹೋಗಿಬಂದಿದ್ದು ಬಸ್ಸಲ್ಲೇ. ಜೊತೆಗೆ ಹುರಿದ ಕಡಲೆಕಾಯಿ, ಕೋಡುಬಳೆ ಚೆನ್ನಾಗಿ ಹೊಂದುತ್ತದೆ. ಖಾರ ಜಾಸ್ತಿ ಇರುವ ಚಿಲ್ಲಿ ಚಿಕನ್ ತಿಂದರೆ ಮಾಲ್ಟಿನ ರುಚಿ ಪತ್ತೆನೇ ಇರಲ್ಲ.

ಮುಂದಿನ ಸಲ ಸ್ಯಾಂಪಲ್ ಗ್ಲಾಸುಗಳನ್ನು ತರಿಸಿದರೆ ಬಿಟರ್ ಮೊದಲು ಕುಡಿಯಿರಿ, ಐಪಿಎ ಕೊನೆಗೆ. ಉಲ್ಟಾ ಮಾಡಿದರೆ ಬಿಟರ್ ನೀರು ನೀರಾಗಿ ಕಾಣುತ್ತದೆ.