ಶಾಂಘೈನಲ್ಲಿ ವಯಸ್ಸಾದ ಅಪ್ಪ ಅಮ್ಮನ ಜೊತೆ ಒಂದೇ ದಿನ ಇದ್ದರೆ ಏನು ನೋಡಬಹುದು?

ನಿಮ್ಮ ಅಣ್ಣ ಶಾಂಘೈನಲ್ಲಿದ್ದಾರೆ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೀರಿ, ಎಲ್ಲರೂ ಒಟ್ಟಿಗೆ ಸುತ್ತೋಕೆ ಸಿಗೋದು ಒಂದೇ ದಿನ, ಎಲ್ಲಿಗೆ ಹೋಗಬಹುದು ಅಂತ ಕೇಳಿದ್ದೀರಿ. ಹೋದ ನವೆಂಬರಿನಲ್ಲಿ ನಮ್ಮದೂ ಇದೇ ಕಥೆ. ಅಲ್ಲಿ ಇರೋದು ಅಕ್ಕ, ಭಾವ, ಅವರ ಎಂಟು ವರ್ಷದ ಮಗ. ನನ್ನ ಉತ್ತರ ಸಣ್ಣದು: ಒಂದು ತೋಟ, ಒಂದು ಲಾಂಚು. ಅಷ್ಟೇ ಸಾಕು.

ಭಾವ ಬರೆದಿಟ್ಟ ಪಟ್ಟಿಯಲ್ಲಿ ಏಳು ಜಾಗ ಇದ್ದವು. ಅಮ್ಮನ ಮಂಡಿ ನೋವು ನೋಡಿ ಅಕ್ಕ ನಾಲ್ಕಕ್ಕೆ ಗೀಟು ಎಳೆದಳು. ಐದನೆಯದು ಶಾಂಘೈ ಟವರ್, 632 ಮೀಟರ್ ಎತ್ತರ. ಆವತ್ತು ಅದರ ಅರ್ಧದಿಂದ ಮೇಲೆ ಬರೀ ಮೋಡ. ದುಡ್ಡು ಕೊಟ್ಟು ಮೇಲೆ ಹತ್ತಿ ಮೋಡ ನೋಡೋದಾದರೆ ನಮ್ಮ ದೇವಿಮನೆ ಘಟ್ಟವೇ ಇದೆಯಲ್ಲ ಅಂತ ಅಪ್ಪ ಅಂದರು. ಅಲ್ಲಿಗೆ ಅದೂ ಹೋಯಿತು.

ಬೆಳಿಗ್ಗೆ ಮೆಟ್ರೋ ಹಿಡಿದು ಯೂ ಯುವಾನ್ ತೋಟಕ್ಕೆ ಹೋದೆವು. ಸ್ಟೇಷನ್ನಿನ ಹೆಸರೂ ಅದೇ. ಮಿಂಗ್ ರಾಜರ ಕಾಲದಲ್ಲಿ ಪಾನ್ ಯುನ್‌ದುವಾನ್ ಅನ್ನೋ ಅಧಿಕಾರಿ ತನ್ನ ಅಪ್ಪ ಮುಪ್ಪಿನಲ್ಲಿ ನೆಮ್ಮದಿಯಾಗಿ ಇರಲಿ ಅಂತ ಮಾಡಿಸಿದ ತೋಟ ಇದು. 1559ರಲ್ಲಿ ಶುರು ಮಾಡಿದ. ನಡುವೆ ಸರ್ಕಾರಿ ಕೆಲಸದ ಮೇಲೆ ಸಿಚುವಾನ್‌ಗೆ ಹೋಗಬೇಕಾಯಿತು. ಮುಗಿದದ್ದು 1577ರಲ್ಲಿ. ಹದಿನೆಂಟು ವರ್ಷ! ಭಾವ ಇದನ್ನು ಹೇಳುತ್ತಿದ್ದರೆ ಅಪ್ಪ ನನ್ನ ಕಡೆ ತಿರುಗಿ ಒಂದು ನೋಟ ನೋಡಿದರು. ಊರಮನೆಯ ಬಚ್ಚಲಿನ ಹೆಂಚು ಬದಲಿಸಿಕೊಡುತ್ತೇನೆ ಅಂತ ಹೇಳಿ ನಾನು ಎರಡು ಮಳೆಗಾಲ ಕಳೆದಿದ್ದೇನೆ.

ತೋಟಕ್ಕೆ ಮುಂಚೆ ಕೆರೆಯ ಮೇಲೆ ಒಂಬತ್ತು ತಿರುವಿನ ಸೇತುವೆ ಸಿಗುತ್ತೆ. ದೆವ್ವಗಳಿಗೆ ನೇರ ದಾರಿಯಲ್ಲಿ ಮಾತ್ರ ಹೋಗೋಕೆ ಬರುತ್ತಂತೆ, ಅದಕ್ಕೇ ಈ ಸೊಟ್ಟ ಸೇತುವೆ. ಮನುಷ್ಯರಿಗೂ ಕಷ್ಟವೇ ಬಿಡಿ, ಪ್ರತಿ ತಿರುವಿನಲ್ಲೂ ಯಾರೋ ಒಬ್ಬರು ಫೋಟೋಗೆ ನಿಂತಿರುತ್ತಾರೆ. ಟಿಕೆಟ್ ತಗೊಂಡು ಒಳಗೆ ಹೋದರೆ ಗಲಾಟೆ ಸ್ವಲ್ಪ ಕಡಿಮೆ. ಗೋಡೆಯ ಮೇಲೆ ಉದ್ದಕ್ಕೆ ಮಲಗಿದ ಡ್ರ್ಯಾಗನ್, ಹೆಂಚೇ ಅದರ ಮೈ. ಕೂರೋಕೆ ಅಲ್ಲಲ್ಲಿ ಜಾಗ ಇದೆ, ಅದು ಮುಖ್ಯ.

ಅಮ್ಮ ಜಾಸ್ತಿ ಹೊತ್ತು ನಿಂತಿದ್ದು ಒಂದು ಕಲ್ಲಿನ ಮುಂದೆ. ಆಳಿಗಿಂತ ಎತ್ತರ, ಮೈ ತುಂಬಾ ತೂತು. ಮೇಲಿನಿಂದ ನೀರು ಹೊಯ್ದರೆ ಎಲ್ಲಾ ತೂತಿನಿಂದಲೂ ಇಳಿಯುತ್ತೆ, ಬುಡದಲ್ಲಿ ಊದುಬತ್ತಿ ಹಚ್ಚಿದರೆ ಎಲ್ಲಾ ತೂತಿನಿಂದಲೂ ಹೊಗೆ ಬರುತ್ತೆ ಅಂತಾರೆ. ಇಂಥ ಕಲ್ಲು ಅಂದರೆ ಚೀನಾದ ತೋಟಗಳಲ್ಲಿ ಬಹಳ ಬೆಲೆ. ಅಮ್ಮ ಒಂದು ಸುತ್ತು ಬಂದು ನೋಡಿ, "ಹುತ್ತ ಕಲ್ಲಾದ ಹಾಗಿದೆ" ಅಂದು ಕೈ ಮುಗಿದರು. ಪಕ್ಕದಲ್ಲಿದ್ದ ಚೀನಾದ ಅಜ್ಜಿಯೊಬ್ಬರು ಇವರನ್ನು ನೋಡಿ ತಾವೂ ಮುಗಿದರು. ಯಾಕೆ ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ.

ಊಟದ ವಿಷಯ ಹೇಳಿಬಿಡುತ್ತೇನೆ. ನೀವು ಸಸ್ಯಾಹಾರಿಗಳಾದರೆ ಡಬ್ಬಿ ಕಟ್ಟಿಕೊಂಡು ಹೋಗಿ. ನಾವು ಚಪಾತಿ, ಅಪ್ಪೆಮಿಡಿ ಉಪ್ಪಿನಕಾಯಿ ಒಯ್ದಿದ್ದೆವು. ಆದರೂ ಆಸೆಗೆ ಹೊರಗಿನ ಅಂಗಡಿಯೊಂದರಲ್ಲಿ ಸೊಪ್ಪಿನ ಬನ್ ತಗೊಂಡೆವು. ಹಬೆಯಲ್ಲಿ ಬೇಯಿಸಿದ್ದು, ನೋಡೋಕೆ ನಮ್ಮ ಕಡುಬಿನ ಹಾಗೆ. ಅಕ್ಕನ ಮಗ "ವೋ ಛಿ ಸೂ" ಅಂತ, ಅಂದರೆ ನಾನು ಸಸ್ಯಾಹಾರಿ ಅಂತ, ಹೇಳಿಯೇ ತಗೊಂಡಿದ್ದ. ಅಮ್ಮ ಮುರಿದು ನೋಡಿದರೆ ಸೊಪ್ಪಿನ ನಡುವೆ ಒಣ ಸೀಗಡಿ. ಪುಣ್ಯಕ್ಕೆ ಬಾಯಿಗೆ ಇಟ್ಟಿರಲಿಲ್ಲ.

ಹುಡುಗ ಅಂಗಡಿಯ ಹೆಂಗಸನ್ನು "ಆಯಿ" ಅಂತ ಕೂಗಿದ. ಅಮ್ಮ ಬೆಚ್ಚಿ ತಿರುಗಿದರು. ಅಮ್ಮನ ತವರು ಶಿರಸಿ ಕಡೆ, ಅಲ್ಲಿ ಆಯಿ ಅಂದರೆ ಹೆತ್ತ ತಾಯಿ. ಚೀನಾದಲ್ಲಿ ಆಯಿ ಅಂದರೆ ಚಿಕ್ಕಮ್ಮ, ಗುರುತಿಲ್ಲದ ಹೆಂಗಸರನ್ನೂ ಮಕ್ಕಳು ಹಾಗೇ ಕರೆಯೋದು. ಆ ಹೆಂಗಸು ಬನ್ ವಾಪಸ್ ತಗೊಂಡು, ಒಂದು ಲೋಟ ಬಿಸಿನೀರು ಕೊಟ್ಟರು. ಆ ಊರಲ್ಲಿ ಬಿಸಿನೀರಿಗೆ ಬರವಿಲ್ಲ, ಅಪ್ಪ ಅಮ್ಮನಿಗೆ ಅದೇ ದೊಡ್ಡ ಸಮಾಧಾನ. ಆಮೇಲೆ ದಿನವಿಡೀ ಅಮ್ಮ "ಪಾಪ, ಆ ಆಯಿ" ಅಂತಲೇ ಇದ್ದರು.

ಮಧ್ಯಾಹ್ನ ಹುವಾಂಗ್‌ಪು ಹೊಳೆಯ ದಂಡೆಯ ಬಂಡ್. ಬ್ರಿಟಿಷರು, ಬೇರೆ ವಿದೇಶಿಯರು ಇಲ್ಲಿ ವ್ಯಾಪಾರಕ್ಕೆ ನೆಲೆಸಿದ್ದ ಕಾಲದ ಬ್ಯಾಂಕುಗಳು, ಗಡಿಯಾರದ ಗೋಪುರ ಎಲ್ಲಾ ಸಾಲಾಗಿ ಇವೆ. ಹಸಿರು ಚೂಪು ತಲೆಯ ಹೋಟೆಲ್ ಒಂದನ್ನು ಅಪ್ಪನಿಗೆ ತಪ್ಪದೆ ತೋರಿಸಿ. 1929ರಲ್ಲಿ ಅದನ್ನು ಕಟ್ಟಿಸಿದ್ದು ಸಸೂನ್ ಮನೆತನದವರು. ಬಾಗ್ದಾದಿನಿಂದ ಮುಂಬೈಗೆ ಬಂದು, ಹತ್ತಿ, ಅಫೀಮಿನ ವ್ಯಾಪಾರದಲ್ಲಿ ದುಡ್ಡು ಮಾಡಿದವರು. ಮುಂಬೈನ ಸಸೂನ್ ಡಾಕ್ ಕಟ್ಟಿಸಿದ್ದೂ ಇವರೇ. ನಮ್ಮ ನೆಲದ ಅಫೀಮು ಇಲ್ಲಿಯ ಜನರ ಮನೆ ಮುರಿದ ಮೇಲೆ ಎದ್ದ ದುಡ್ಡು ಅಂತ ಗೊತ್ತಾದಾಗ ಆ ಕಟ್ಟಡದ ಚೆಂದ ಸ್ವಲ್ಪ ಇಳಿಯುತ್ತೆ.

ಈಗ ಲಾಂಚು. ಬಂಡ್‌ನಲ್ಲಿ ಟೂರಿಸ್ಟ್ ಬೋಟಿಗೆ ತಲೆಗೆ ನೂರು ಯುವಾನಿಗಿಂತ ಜಾಸ್ತಿ. ಸುಮ್ನೆ ದಂಡ. ಊರಿನವರು ದಿನಾ ಹೊಳೆ ದಾಟುವ ಲಾಂಚಿಗೆ 2 ಯುವಾನ್, ನಮ್ಮ ದುಡ್ಡಲ್ಲಿ ಇಪ್ಪತ್ತೈದು ರೂಪಾಯಿ ಆಸುಪಾಸು. ನವೆಂಬರಿನಲ್ಲಿ ಐದು ಗಂಟೆಗೇ ಕತ್ತಲು. ಗೇಟು ತೆಗೆದ ಕೂಡಲೇ ಬ್ಯಾಟರಿ ಸ್ಕೂಟರುಗಳು ಸದ್ದಿಲ್ಲದೆ ಒಳಗೆ ನುಗ್ಗಿದವು. ಒಬ್ಬನ ಹ್ಯಾಂಡಲಿಗೆ ಈರುಳ್ಳಿ ಹೂವಿನ ಕಟ್ಟು, ಇನ್ನೊಬ್ಬಳ ಹಿಂದೆ ನಿದ್ದೆ ಹೋದ ಮಗು. "ಥೇಟ್ ಸಿಗಂದೂರು ಲಾಂಚು ಕಣೋ" ಅಂದರು ಅಪ್ಪ. ಮೇಲಿನ ಅಂತಸ್ತಿಗೆ ಹತ್ತೋಕೆ ಅಮ್ಮ ಒಪ್ಪಲಿಲ್ಲ, ಕೆಳಗೆ ಕಂಬಿ ಹಿಡಿದೇ ನಿಂತೆವು.

ನಡುಹೊಳೆಗೆ ಬಂದಾಗ ಆಚೆ ದಡದ ದೀಪಗಳು ಹತ್ತಿಕೊಂಡವು. ಮೊದಲು ಆಚೆ ದಡದಲ್ಲಿ ಹೊಲ, ಗೋದಾಮು ಇದ್ದವಂತೆ. ಅಲ್ಲಿ ಒಂದು ಮನೆಗಿಂತ ಈಚೆ ದಡದಲ್ಲಿ ಒಂದು ಮಂಚ ಮೇಲು ಅಂತ ಜನ ಆಡಿಕೊಳ್ಳುತ್ತಿದ್ದರಂತೆ. 1990ರಲ್ಲಿ ಸರ್ಕಾರ ಆ ಕಡೆ ಕೈ ಹಾಕಿದ ಮೇಲೆ ಎದ್ದಿದ್ದೇ ಈ ಗೋಪುರಗಳೆಲ್ಲ. ದಾಟೋಕೆ ಹತ್ತು ನಿಮಿಷ ಕೂಡ ಆಗಲಿಲ್ಲ. ಇಳಿಯುವಾಗ ಅಮ್ಮ, "ಇನ್ನೊಂದು ಸಲ ಹೋಗೋಣವಾ?" ಅಂದರು. ಅದೇ ಲಾಂಚಿನಲ್ಲಿ ವಾಪಸ್ ಬಂದೆವು.

ಒಂದು ಮಾತು ಮರೆತಿದ್ದೆ. ತೋಟಕ್ಕೆ ಸೋಮವಾರ ಸಾಮಾನ್ಯವಾಗಿ ರಜೆ, ಅಣ್ಣನಿಗೆ ಬೇರೆ ದಿನ ರಜೆ ಹಾಕೋಕೆ ಹೇಳಿ. ಪಾಸ್‌ಪೋರ್ಟು ಎಲ್ಲರದ್ದೂ ಜೊತೆಗಿರಲಿ. ಅಲಿಪೇ ಅಂತ ಫೋನಿನಿಂದ ದುಡ್ಡು ಕೊಡುವ ಚೀನಾದ ಆಪ್ ಇದೆ, ಅದಕ್ಕೆ ನಿಮ್ಮ ಕಾರ್ಡನ್ನು ಇಲ್ಲಿಂದ ಹೊರಡುವ ಮೊದಲೇ ಜೋಡಿಸಿಕೊಳ್ಳಿ, ಬನ್ನಿನ ಅಂಗಡಿಯಲ್ಲೂ ಫೋನಿನಿಂದಲೇ ದುಡ್ಡು ಕೊಡೋದು.