ಓದುಗರ ಪ್ರಶ್ನೆ: ಆ ಹಡಗಿನಲ್ಲಿ ಮೈಗೆ ಮಸಿ ಹಚ್ಚಿಕೊಳ್ಳುವವರು ಯಾರು?

ಕಳೆದ ತಿಂಗಳು ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಎಂಬ ಅಮೆರಿಕದ ಧಾರಾವಾಹಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಪತ್ರಗಳು ಸ್ವಲ್ಪ ಜಾಸ್ತಿಯೇ ಬಂದಿವೆ. ನೋಡದವರಿಗಾಗಿ ಕಥೆ ಚುಟುಕಾಗಿ: ಮನುಷ್ಯರು ಹನ್ನೆರಡು ಗ್ರಹಗಳಲ್ಲಿ ನೆಲೆಸಿದ್ದಾರೆ. ಅವರೇ ಮಾಡಿದ ಸೈಲಾನ್ ಎಂಬ ಯಂತ್ರಗಳು ಹಿಂದೆ ತಿರುಗಿಬಿದ್ದು ಯುದ್ಧ ಮಾಡಿದ್ದವು. ನಲವತ್ತು ವರ್ಷಗಳ ಬಳಿಕ ಮತ್ತೆ ಬಂದು ಅಣುಬಾಂಬ್ ಹಾಕುತ್ತವೆ. ಈ ಸಲ ಅವುಗಳಲ್ಲಿ ಕೆಲವು ಥೇಟ್ ಮನುಷ್ಯರ ಹಾಗೇ ಇವೆ. ಉಳಿದವರು ಸುಮಾರು ಐವತ್ತು ಸಾವಿರ ಮಂದಿ, ಒಂದಿಷ್ಟು ಹಡಗುಗಳು, ಕಾವಲಿಗೆ ಗ್ಯಾಲಕ್ಟಿಕಾ ಎಂಬ ಒಂದು ಹಳೇ ಯುದ್ಧನೌಕೆ. ಇನ್ನು ನಿಮ್ಮ ಪ್ರಶ್ನೆಗಳು.

ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಹಡಗಿನಲ್ಲಿ ವೈರ್ ಇರುವ ಫೋನ್! ದುಡ್ಡು ಉಳಿಸಲು ಹಾಗೆ ಮಾಡಿದ್ದಾರಾ ಮೇಡಂ?
*(ಇಂಜಿನಿಯರಿಂಗ್ ವಿದ್ಯಾರ್ಥಿ, ಮಣಿಪಾಲ)*

ಇಲ್ಲ ಮಾರಾಯಾ, ಬೇಕಂತಲೇ ಮಾಡಿದ್ದು. ಸೈಲಾನ್‌ಗಳು ಕಂಪ್ಯೂಟರ್ ಜಾಲದೊಳಗೆ ನುಗ್ಗಿ ಹೊಸ ಹೊಸ ಯುದ್ಧನೌಕೆಗಳನ್ನು ನಿಂತಲ್ಲೇ ಆರಿಸಿಬಿಡುತ್ತವೆ. ಗ್ಯಾಲಕ್ಟಿಕಾದ ಕಮಾಂಡರ್ ಅಡಾಮ ತನ್ನ ಹಡಗಿನ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಲು ಬಿಟ್ಟಿರಲಿಲ್ಲ. ಅದನ್ನು ಮ್ಯೂಸಿಯಂ ಮಾಡಲು ಹೊರಟಿದ್ದರು. ಅದೇ ಉಳಿಯಿತು. ಅಲ್ಲಿ ಕಾಗದಗಳ ನಾಲ್ಕು ಮೂಲೆಯನ್ನೂ ಕತ್ತರಿಸಿರುತ್ತಾರೆ, ಗಮನಿಸಿದೆಯಾ? ಅದಕ್ಕೆ ಕಾರಣ ಕೇಳಬೇಡ, ಸುಮ್ನೆ ನೋಡಿ ಖುಷಿಪಡು.

ಇದು ಇರಾಕ್ ಯುದ್ಧದ ಕಥೆಯೇ ಅಲ್ವಾ? ರಾಜಕೀಯ ಹೇಳಲು ಆಕಾಶಕ್ಕೆ ಯಾಕೆ ಹೋಗಬೇಕಿತ್ತು?
*(ನಿವೃತ್ತ ಬ್ಯಾಂಕ್ ಉದ್ಯೋಗಿ, ಮಂಗಳೂರು)*

ಇರಾಕಿನ ನೆರಳು ಖಂಡಿತ ಇದೆ. 2006ರಲ್ಲಿ ಶುರುವಾದ ಮೂರನೇ ಸೀಸನ್ನಿನಲ್ಲಿ ಸೈಲಾನ್‌ಗಳು ಮನುಷ್ಯರ ಹೊಸ ಊರನ್ನು ಹಿಡಿದುಕೊಂಡು ಆಳುತ್ತವೆ. ಆಗ ಮೈಗೆ ಬಾಂಬು ಕಟ್ಟಿಕೊಂಡು ಹೋಗುವವರು ನಮ್ಮ ಪಕ್ಷದವರು, ಅಂದರೆ ಮನುಷ್ಯರು. ಅಮೆರಿಕದ ಸೈನಿಕರು ಇರಾಕಿನಲ್ಲಿ ಇರುವಾಗಲೇ ಅಮೆರಿಕದ ಟಿವಿಯಲ್ಲಿ ಇದು ಬಂತು. ನೇರ ಹೇಳಿದ್ದರೆ ಅರ್ಧ ಜನ ಅಲ್ಲೇ ಚಾನೆಲ್ ಬದಲಿಸುತ್ತಿದ್ದರು. ಆಕಾಶಕ್ಕೆ ಹೋದದ್ದು ಅದಕ್ಕೇ. 2009ರ ಮಾರ್ಚ್‌ನಲ್ಲಿ, ಧಾರಾವಾಹಿ ಮುಗಿಯುವ ವಾರವೇ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಇದರ ಮೇಲೆ ಚರ್ಚೆ ನಡೆಯಿತು. ನಟರೂ ನಿರ್ಮಾಪಕರೂ ಹೋಗಿ ಕೂತಿದ್ದರು.

ಆದರೆ ಬರೀ ಇರಾಕ್ ಅಂದುಕೊಂಡು ನೋಡಬೇಡಿ. ನೋಡುವುದು ಬೇಗ ಮುಗಿದುಹೋಗುತ್ತದೆ.

ಅಧ್ಯಕ್ಷೆ ಲಾರಾ ರೋಸ್ಲಿನ್ ಒಳ್ಳೆಯವಳು ಅಂದುಕೊಂಡಿದ್ದೆ. ಚುನಾವಣೆಯಲ್ಲಿ ಕಳ್ಳತನ ಮಾಡಿಸಿದಳಲ್ಲ! ಅದನ್ನು ನೀವು ಒಪ್ಪುತ್ತೀರಾ?
*(ಗೃಹಿಣಿ, ಕಾರ್ಕಳ)*

ಒಪ್ಪುವುದಿಲ್ಲ. ಆದರೆ ಆ ಎರಡು ಎಪಿಸೋಡು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ.

ರೋಸ್ಲಿನ್ ಮೊದಲು ಶಿಕ್ಷಣ ಮಂತ್ರಿ. ಅಧಿಕಾರದ ಸಾಲಿನಲ್ಲಿ 43ನೆಯವಳು. ಮುಂದಿದ್ದವರೆಲ್ಲ ಸತ್ತದ್ದರಿಂದ ಅಧ್ಯಕ್ಷೆಯಾದವಳು. ಎದುರಾಳಿ ಬಲ್ಟಾರ್ ‘ಓಡಿದ್ದು ಸಾಕು, ಈ ಗ್ರಹದಲ್ಲೇ ಇಳಿದುಬಿಡೋಣ’ ಅನ್ನುತ್ತಾನೆ. ಜನರಿಗೂ ಸಾಕಾಗಿದೆ. ಇಳಿದರೆ ಶತ್ರು ಹುಡುಕಿಕೊಂಡು ಬರುತ್ತಾನೆ ಎಂದು ಇವಳಿಗೆ ಗೊತ್ತು. ಸೋಲುವ ಹೊತ್ತಿಗೆ ಅವಳ ಕಡೆಯವರು ಒಂದು ಹಡಗಿನ ಮತಪೆಟ್ಟಿಗೆಯನ್ನೇ ಬದಲಾಯಿಸುತ್ತಾರೆ. ಸಿಕ್ಕಿಬೀಳುತ್ತದೆ. ಅಡಾಮ ಬಂದು ಅವಳೊಡನೆ ಮಾತಾಡುತ್ತಾನೆ, ಅವಳು ಸೋಲನ್ನು ಒಪ್ಪಿಕೊಳ್ಳುತ್ತಾಳೆ. ಬಲ್ಟಾರ್ ಗೆಲ್ಲುತ್ತಾನೆ, ಎಲ್ಲರೂ ಇಳಿಯುತ್ತಾರೆ, ವರ್ಷ ಕಳೆದ ಮೇಲೆ ಸೈಲಾನ್‌ಗಳು ಬಂದೇ ಬರುತ್ತವೆ. ಅಂದರೆ ಅವಳು ಹೇಳಿದ್ದೇ ಸರಿ! ಇಲ್ಲೇ ಇದನ್ನು ಬರೆದವರ ಧೈರ್ಯ ಇರುವುದು. ಕಳ್ಳತನ ತಪ್ಪು ಎಂದು ತೋರಿಸಲು ಕಳ್ಳಿಯನ್ನು ಮೂರ್ಖಳನ್ನಾಗಿ ಮಾಡಲಿಲ್ಲ.

ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದ ನನಗೆ ಚುನಾವಣಾ ಡ್ಯೂಟಿ ತಪ್ಪಿದ್ದೇ ಇಲ್ಲ. ಮತಯಂತ್ರ ಬರುವ ಮೊದಲಿನ ಮಾತು. ಮತದಾನ ಮುಗಿದು, ಪೆಟ್ಟಿಗೆಯ ಬಾಯಿ ಮುಚ್ಚಿ, ಮೇಣದಬತ್ತಿಯಲ್ಲಿ ಅರಗು ಕರಗಿಸಿ ಮೊಹರು ಒತ್ತುವಾಗ ಎಲ್ಲ ಪಕ್ಷದ ಏಜೆಂಟರೂ ತಲೆ ತಗ್ಗಿಸಿ ನೋಡುತ್ತಿರುತ್ತಾರೆ. ಬೆಳಿಗ್ಗೆಯಿಂದ ಜಗಳ ಆಡಿದವರು ಆಗ ಉಸಿರೆತ್ತುವುದಿಲ್ಲ. ಎಷ್ಟು ಮತಪತ್ರ ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂದು ಬರೆದು ಸಹಿ ಹಾಕಿದ ಮೇಲೇ ಬಸ್ಸು ಹತ್ತುವುದು. ಪೆಟ್ಟಿಗೆ ಬದಲಾದರೆ ಮೋಸ ಹೋಗುವುದು ಅಭ್ಯರ್ಥಿ ಮಾತ್ರ ಅಲ್ಲ, ಸುಮ್ಮನೆ ನಿಂತು ನೋಡಿದ ಆ ಏಜೆಂಟರೂ ಹೌದು. ರೋಸ್ಲಿನ್ ಎಷ್ಟೇ ಸರಿ ಇರಲಿ, ಅವರಿಗೆ ಏನು ಉತ್ತರ ಕೊಡುತ್ತಾಳೆ?

ಅಪ್ಪ ರಿಫೈನರಿಯಲ್ಲಿ ಗುತ್ತಿಗೆ ಕೆಲಸಗಾರ. ನಮ್ಮಂಥವರ ಕಥೆಯೂ ಇದರಲ್ಲಿದೆ ಎಂದು ಬರೆದಿದ್ದಿರಿ. ನನಗೆ ಬರೀ ಪೈಲಟ್‌ಗಳೇ ಕಾಣುತ್ತಾರಲ್ಲ ಮೇಡಂ?
*(ಬಿ.ಕಾಂ. ವಿದ್ಯಾರ್ಥಿನಿ, ಕಾಟಿಪಳ್ಳ)*

ಮೂರನೇ ಸೀಸನ್ನಿನ ‘ಡರ್ಟಿ ಹ್ಯಾಂಡ್ಸ್’ ನೋಡಮ್ಮ. ಪೂರ್ತಿ ಧಾರಾವಾಹಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಎಪಿಸೋಡು, ಹೆಚ್ಚಿನವರು ಹಾರಿಸಿಬಿಡುವ ಎಪಿಸೋಡು ಕೂಡ.

ಹಡಗುಗಳು ಓಡಲು ಟೈಲಿಯಂ ಎಂಬ ಇಂಧನ ಬೇಕು. ಅದನ್ನು ಶುದ್ಧ ಮಾಡುವುದೇ ಒಂದು ಹಡಗಿನ ಕೆಲಸ. ಅಲ್ಲಿನವರಿಗೆ ರಜೆ ಇಲ್ಲ, ಬದಲಿ ಜನ ಇಲ್ಲ. ಮಕ್ಕಳೂ ದುಡಿಯುತ್ತಾರೆ. ಅಪ್ಪ ಮಾಡಿದ ಕೆಲಸವನ್ನೇ ಮಗ ಕಲಿಯಬೇಕು, ಇನ್ಯಾರು ಕಲಿಸುತ್ತಾರೆ, ಇನ್ಯಾರು ಮಾಡುತ್ತಾರೆ? ಜನ ಸಾಲದೆ ಬಂದಾಗ ಹಳೇ ಅರ್ಜಿಗಳನ್ನು ತೆಗೆದು ನೋಡಿ ಹೆಸರು ಆರಿಸುತ್ತಾರೆ. ಒಬ್ಬ ಹುಡುಗ ಕಾಲೇಜಿಗೆ ಹಣ ಕೂಡಿಸಲೆಂದು ಒಂದು ರಜೆಯಲ್ಲಿ ಹೊಲದ ಕೆಲಸಕ್ಕೆ ಹೋಗಿದ್ದ. ಅರ್ಜಿಯಲ್ಲಿ ಅದನ್ನೇ ಬರೆದಿದ್ದ. ಅಷ್ಟಕ್ಕೇ ಅವನು ‘ರೈತ’ ಆಗಿಹೋಗುತ್ತಾನೆ, ಯಂತ್ರದ ಬಾಯಿಗೆ ಹೋಗುತ್ತಾನೆ. ಜಾತಿ ಎಂಬ ಮಾತು ಎಲ್ಲೂ ಬರುವುದಿಲ್ಲ. ಅದು ಹುಟ್ಟುವುದು ಹೇಗೆ ಎಂದು ಮಾತ್ರ ಕಣ್ಣೆದುರು ಕಾಣುತ್ತದೆ.

ನಮ್ಮ ತರಗತಿಯಲ್ಲಿ ಬೀಡಿ ಕಟ್ಟುವ ಮನೆಯ ಹುಡುಗಿಯರು ತುಂಬ ಇದ್ದರು. ಮುಂಜಾನೆ ತಡ್ಪೆ, ಅಂದರೆ ಮೊರ, ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸಿ, ಸುತ್ತಿ, ನೂಲು ಬಿಗಿದು, ತಾಯಿಯ ಲೆಕ್ಕ ಬೀಡಿ ಕಂಪೆನಿಯ ಬ್ರಾಂಚಿಗೆ ಮುಟ್ಟಿಸಿ ಕಾಲೇಜಿಗೆ ಬರುತ್ತಿದ್ದರು. ಅವರ ನೋಟ್ಸ್ ತಿದ್ದುವಾಗ ಹಾಳೆಯಿಂದ ಹೊಗೆಸೊಪ್ಪಿನ ಘಾಟು ಬರುತ್ತಿತ್ತು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಮನೆಯ ಕಸುಬು’ ಎಂಬ ಕಾಲಂ ಬಂದಾಗ ಪೆನ್ನು ನಿಲ್ಲುತ್ತಿತ್ತು. ‘ಬರೆದರೆ ಏನಾದರೂ ಆಗ್ತದಾ ಮೇಡಂ?’ ಎಂದು ಒಬ್ಬಳು ಕೇಳಿದ್ದಳು. ಆ ಹುಡುಗನ ಅರ್ಜಿ ನೋಡಿದಾಗ ಅವಳ ಮಾತೇ ನೆನಪಿಗೆ ಬಂತು.

ಮುಂದೆ ಮುಷ್ಕರ ಆಗುತ್ತದೆ. ಒಳ್ಳೆಯವನಾದ ಅಡಾಮ ಏನು ಮಾಡುತ್ತಾನೆ ಗೊತ್ತಾ? ಮುಷ್ಕರದ ಮುಂದಾಳು ಟೈರಲ್‌ನ ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ ಗುಂಡು ಹಾಕುತ್ತೇನೆ ಅನ್ನುತ್ತಾನೆ. ಮುಷ್ಕರ ನಿಲ್ಲುತ್ತದೆ. ಆಮೇಲೆ, ಅಷ್ಟರಲ್ಲಿ ಮತ್ತೆ ಅಧ್ಯಕ್ಷೆಯಾಗಿರುವ ರೋಸ್ಲಿನ್ ಅದೇ ಟೈರಲ್‌ನನ್ನು ಕರೆದು ಕೂರಿಸಿ, ಕಾರ್ಮಿಕ ಸಂಘಕ್ಕೆ ಒಪ್ಪುತ್ತಾಳೆ. ನನಗೆ ಈ ಮುಕ್ತಾಯ ಸ್ವಲ್ಪ ಸಲೀಸಾಯಿತು ಅನ್ನಿಸಿತು. ಬಂದೂಕು ತೋರಿಸಿದವನು ಒಂದು ಕ್ಷಮೆಯಾದರೂ ಕೇಳಬೇಕಿತ್ತು.

ಹಾಂ, ಅದೇ ಎಪಿಸೋಡಿನಲ್ಲಿ, ಸೈಲಾನ್‌ಗಳ ಜೊತೆ ಕೈಜೋಡಿಸಿದ ಆರೋಪದಲ್ಲಿ ಜೈಲಲ್ಲಿರುವ ಬಲ್ಟಾರ್ ಒಂದು ಗುಟ್ಟು ಹೇಳುತ್ತಾನೆ. ತಾನು ಬಡ ರೈತರ ಗ್ರಹದವನು, ದೊಡ್ಡ ಊರಿನವನಂತೆ ಕಾಣಲು ಹುಟ್ಟೂರಿನ ಮಾತಿನ ಧಾಟಿಯನ್ನೇ ಉಜ್ಜಿ ತೆಗೆದೆ ಎಂದು ಹೇಳಿ, ಆ ಹಳೇ ಧಾಟಿಯಲ್ಲೇ ಎರಡು ಮಾತು ಆಡಿ ತೋರಿಸುತ್ತಾನೆ. ಬೆಂಗಳೂರು ಬಸ್ಸು ಹತ್ತಿದ ಕೂಡಲೇ ಕುಂದಾಪ್ರ ಕನ್ನಡ ನುಂಗಿಕೊಳ್ಳುವವರಿಗೆ ಅವನ ಮೇಲಿನ ಸಿಟ್ಟು ಒಂದು ನಿಮಿಷ ಇಳಿಯುತ್ತದೆ. ಒಂದೇ ನಿಮಿಷ. ಆಸಾಮಿ ಅಷ್ಟಕ್ಕೇ ಯೋಗ್ಯ.

ಶೀರ್ಷಿಕೆ ಸಂಗೀತದಲ್ಲಿ ಗಾಯತ್ರಿ ಮಂತ್ರ ಕೇಳಿಸಿತು. ನನ್ನ ಕಿವಿಯ ದೋಷವೇ? ಇದು ಸರಿಯೇ?
*(ಹಿರಿಯ ಓದುಗರು, ರಥಬೀದಿ, ಉಡುಪಿ)*

ಕಿವಿ ಚೆನ್ನಾಗಿಯೇ ಇದೆ. ರಿಚರ್ಡ್ ಗಿಬ್ಸ್ ಮಾಡಿದ ಆ ಸಂಗೀತದಲ್ಲಿ ಇರುವುದು ಗಾಯತ್ರಿಯೇ. ಸರಿಯೋ ತಪ್ಪೋ ಎಂದು ನಮ್ಮ ಅಣ್ಣನಿಗೆ ಕೇಳಿಸಿದೆ. ದಿನಾ ಸಂಧ್ಯಾವಂದನೆ ಮಾಡುವವನು. ಪೂರ್ತಿ ಕೇಳಿ ‘ಸ್ವರ ತಪ್ಪಿದೆ’ ಎಂದಷ್ಟೇ ಹೇಳಿ ಊಟಕ್ಕೆ ಎದ್ದ. ನನಗಂತೂ ಬೇಸರವಾಗಲಿಲ್ಲ. ಈ ಕಥೆಯಲ್ಲಿ ಮನುಷ್ಯರಿಗೆ ಹಲವು ದೇವರು, ಯಂತ್ರಗಳಿಗೆ ಒಬ್ಬನೇ ದೇವರು. ಹೆಚ್ಚು ಭಕ್ತಿ ಯಾರದ್ದು ಅಂದರೆ ಯಂತ್ರಗಳದ್ದೇ!

ಎಲ್ಲಿಂದ ಶುರು ಮಾಡಲಿ? 1978ರದ್ದೂ ಒಂದು ಇದೆಯಂತೆ.
*(ಅಂಗಡಿ ಮಾಲೀಕರು, ಬ್ರಹ್ಮಾವರ)*

ಅದನ್ನು ಬಿಡಿ. ರೊನಾಲ್ಡ್ ಡಿ. ಮೂರ್ ಹೊಸದಾಗಿ ಕಟ್ಟಿದ 2003ರ ಎರಡು ಭಾಗದ ಕಿರುಸರಣಿ ಮೊದಲು ನೋಡಿ, ಇಲ್ಲದಿದ್ದರೆ ತಲೆಬುಡ ತಿಳಿಯುವುದಿಲ್ಲ. ಆಮೇಲೆ ‘33’ ಎಂಬ ಎಪಿಸೋಡು. ಮೂವತ್ತಮೂರು ನಿಮಿಷಕ್ಕೊಮ್ಮೆ ಶತ್ರು ಬರುತ್ತಾನೆ, ಐದು ದಿನದಿಂದ ಯಾರೂ ಮಲಗಿಲ್ಲ. ರೋಸ್ಲಿನ್ ಕೋಣೆಯ ಬೋರ್ಡಿನಲ್ಲಿ ಬದುಕಿರುವವರ ಲೆಕ್ಕ ಇರುತ್ತದೆ, ಅದು ಇಳಿಯುತ್ತಲೇ ಇರುತ್ತದೆ. ಕೊನೆಗೆ ಒಂದು ಮಗು ಹುಟ್ಟಿದ ಸುದ್ದಿ ಬಂದಾಗ ಅವಳು ಎದ್ದು ಹೋಗಿ ಅಂಕಿ ಅಳಿಸಿ ಒಂದು ಕೂಡಿಸುತ್ತಾಳೆ. ಅಂಗಡಿ ಬಾಗಿಲು ಹಾಕಿದ ಮೇಲೆ ನೋಡಿ, ನಡುವೆ ಗಿರಾಕಿ ಬಂದರೆ ಸಿಟ್ಟು ಬರುತ್ತದೆ. ಚಿಕ್ಕ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಬೇಡಿ. ಕೊನೆಯ ಎಪಿಸೋಡಿನ ಬಗ್ಗೆ ನನ್ನ ಜೊತೆ ಜಗಳ ಆಡುವುದಿದ್ದರೆ ನಾಲ್ಕೂ ಸೀಸನ್ ಮುಗಿಸಿ ಬರೆಯಿರಿ.